ಕಿವಿ ಡಾಕ್ಟರು ಊರು ಆರಿಸಿದ್ದು

ವರ್ಷಕ್ಕೊಮ್ಮೆ ಪತ್ರಿಕೆಯವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಆಗ ಅವರು, ಓದು ಮುಗಿಸಿ ಕೆಲಸ ಹಿಡಿಯುವ ಹುಡುಗ ಹುಡುಗಿಯರು ಬಾಳಲು ಯಾವ ಊರು ಚೆಂದ ಎಂದು ಊರುಗಳಿಗೆಲ್ಲ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತಾರೆ. ನಮ್ಮ ಊರು ಯಾವಾಗಲೂ ಹಿಂದಿನ ಬೆಂಚು. ಗಾಳಿಗೆ ಕಡಿಮೆ ಅಂಕ, ಮರಗಿಡಗಳಿಗೆ ಕಡಿಮೆ ಅಂಕ, ಸದ್ದಿನ ವಿಷಯಕ್ಕೆ ಬಂದರೆ ಸೊನ್ನೆ ಕೊಡಲು ನಾಚಿಕೆಯಾಗಿ ಏನೋ ಒಂದು ಕೊಟ್ಟಿರುತ್ತಾರೆ. ನಾನು ಅದನ್ನು ಒಂದಕ್ಷರ ಬಿಡದೆ ಓದಿ, ಆಮೇಲೆ ನನ್ನ ಲಾಂಡ್ರಿಯ ಕಪಾಟಿನಲ್ಲಿ ಮಡಚಿದ ಬಟ್ಟೆಗಳ ಕೆಳಗೆ ಹಾಸುತ್ತೇನೆ. ನಾನು ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಬದುಕಿಡೀ ಇಲ್ಲಿಯವರ ಕೊಳೆ ತೊಳೆದವಳು. ನನ್ನ ಊರನ್ನು ನಾನು ಬೈಯಬಹುದು. ಬೇರೆಯವರು ಬೈದರೆ ಮೈ ಉರಿಯುತ್ತದೆ.

ಇದು ನನ್ನ ಕಥೆಯಲ್ಲ. ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಒಬ್ಬ ಹುಡುಗಿಯದು. ಅವಳು ಆ ಪತ್ರಿಕೆಯ ಅಂಕಗಳನ್ನು ನಂಬಿದವಳು. ನಂಬಿ ಸುಮ್ಮನಿದ್ದಿದ್ದರೆ ಬೇರೆ ಮಾತು, ತಾನೂ ಊರೂರು ತಿರುಗಿ ಸ್ವಂತ ಅಳತೆ ತೆಗೆದವಳು.

ಮೊದಲು ನಮ್ಮ ಕಟ್ಟಡದ ಬಗ್ಗೆ ಹೇಳಬೇಕು. ಹಿಂದುಗಡೆ ರೈಲು ಹಳಿ, ಎದುರಿಗೆ ಬಸ್ ಡಿಪೋ, ನೆಲ ಅಂತಸ್ತಿನಲ್ಲಿ ನನ್ನ ಲಾಂಡ್ರಿ. ಆಸ್ಪತ್ರೆಯ, ಹೋಟೆಲುಗಳ ಹೊದಿಕೆ, ಹಾಸು, ಟವೆಲ್ ಎಲ್ಲ ಇಲ್ಲಿಗೇ ಬರುತ್ತವೆ. ತೊಳೆಯುವ ದೊಡ್ಡ ಮೆಷಿನ್‌ಗಳು ಗೋಡೆಯುದ್ದಕ್ಕೂ ಇವೆ. ಮೂಲೆಯಲ್ಲಿ ನೀರು ಹಿಂಡುವ ಮೆಷಿನ್ ಇದೆ. ಅದು ವೇಗ ಹಿಡಿದರೆ ಕಿಟಕಿಯ ಗಾಜು, ಕಪಾಟಿನ ಬಾಗಿಲು, ನನ್ನ ಟೀ ಲೋಟ ಎಲ್ಲವೂ ಗಡಗಡ ಎನ್ನುತ್ತವೆ. ನಮ್ಮ ಹೆಂಗಸರು ಅದರ ಮೇಲೆ ಗಂಟಲೆತ್ತಿ ಮಾತಾಡಿ ಮಾತಾಡಿ, ಮನೆಗೆ ಹೋದ ಮೇಲೂ ಹಾಗೇ ಕೂಗಿ ಗಂಡಂದಿರಿಂದ ಬೈಸಿಕೊಳ್ಳುತ್ತಾರೆ. ಅವರೊಳಗೆ ಬಟ್ಟೆ ಮಡಚುವ ಮೇಜಿನ ಹಿರಿಯಾಕೆಗೆ ರೇಡಿಯೋ ಎಂದೇ ಹೆಸರು. ಬೆಳಗ್ಗೆ ಬಾಗಿಲು ತೆಗೆದಾಗ ಶುರುವಾದ ಬಾಯಿ ಸಂಜೆ ಬೀಗ ಹಾಕಿದ ಮೇಲೆ ಬೀದಿಯಲ್ಲೂ ಸ್ವಲ್ಪ ದೂರ ಕೇಳಿಸುತ್ತದೆ.

ಹುಡುಗಿ ದೊಡ್ಡಾಸ್ಪತ್ರೆಯ ಕಿವಿ ವಿಭಾಗಕ್ಕೆ ತಾತ್ಕಾಲಿಕ ಕೆಲಸದ ಮೇಲೆ ಬಂದಿದ್ದಳು. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸುವುದು, ಕೇಳಿಸದವರಿಗೆ ಕಿವಿಯ ಯಂತ್ರ ಹೊಂದಿಸಿಕೊಡುವುದು ಅವಳ ಕೆಲಸ. ಕೋಣೆ ನೋಡಲು ಬಂದ ದಿನ ಅವಳು ನಲ್ಲಿ ತಿರುಗಿಸಿ ನೋಡಲಿಲ್ಲ, ಗೋಡೆಯ ತೇವ ಮುಟ್ಟಿ ನೋಡಲಿಲ್ಲ. ಚೀಲದಿಂದ ಟಾರ್ಚಿನಂಥ ಒಂದು ಉಪಕರಣ ತೆಗೆದು, ಕೋಣೆಯ ನಟ್ಟನಡುವೆ ನಿಂತು, ಕೈ ಚಾಚಿ ಹಿಡಿದಳು. ಕರೆಂಟಿನ ಕಚೇರಿಯವಳೇನೋ ಎಂದು ನನಗೆ ಒಳಗೊಳಗೇ ಗಾಬರಿ. ಅದು ಸದ್ದು ಅಳೆಯುವ ಮೀಟರಂತೆ. ಸರಿಯಾಗಿ ಆ ಹೊತ್ತಿಗೇ ಕೆಳಗೆ ಹಿಂಡುವ ಮೆಷಿನ್ ವೇಗ ಹಿಡಿಯಿತು.

ಮೀಟರ್ ನೋಡಿದವಳು ನನ್ನ ಮುಖ ನೋಡಿದಳು. "ಆಂಟಿ, ಇಲ್ಲಿ ಮನುಷ್ಯರು ಇರ್ತಾರಾ?"

"ಆಂಟಿ ಅನ್ಬೇಡ, ಅಕ್ಕ ಅನ್ನು," ಎಂದೆ. "ಮನುಷ್ಯರೇ ಇರೋದು. ಬೇಕಿದ್ರೆ ಇರು, ಬೇಡ ಅಂದ್ರೆ ಮೆಟ್ಟಿಲು ಅಲ್ಲಿದೆ."

ಆಸ್ಪತ್ರೆಯ ಹತ್ತಿರ ಬೇರೆ ಕೋಣೆ ಸಿಗದೆ, ಮುಖ ಊದಿಸಿಕೊಂಡೇ ಉಳಿದಳು. ವಾರ ಕಳೆಯುವುದರೊಳಗೆ ಸಂಜೆ ಹೊತ್ತು ಕೆಳಗಿಳಿದು ಮಡಚುವ ಮೇಜಿನ ತುದಿಯಲ್ಲಿ ಕೂರುವುದು ರೂಢಿಯಾಯಿತು. ನಮ್ಮ ಹೆಂಗಸರು ಅವಳಿಗೆ ಕಿವಿ ಡಾಕ್ಟರು ಎಂದು ಹೆಸರಿಟ್ಟರು. ತಾನು ಡಾಕ್ಟರಲ್ಲ, ಬರೀ ಪರೀಕ್ಷೆ ಮಾಡುವವಳು ಎಂದು ಅವಳು ಪ್ರತಿ ಸಲ ತಿದ್ದುವಳು. "ಆಯ್ತು ಡಾಕ್ಟ್ರೇ," ಎನ್ನುವಳು ರೇಡಿಯೋ.

ಅವಳಿಗೆ ತಾಯಿಯ ಮುಖ ನೆನಪಿಲ್ಲ. ಎತ್ತಿ ಆಡಿಸಿ, ಓದಿಸಿ, ಮನುಷ್ಯಳನ್ನಾಗಿ ಮಾಡಿದವರು ಚಿಕ್ಕಮ್ಮ, ತಾಯಿಯ ತಂಗಿ. ಆಕೆ ಮದುವೆಯಾಗಲಿಲ್ಲ. ಒಂದು ಸಣ್ಣ ಊರಿನ ಬಸ್ ನಿಲ್ದಾಣದ ಪಕ್ಕದ ಮನೆಯಲ್ಲಿ ಪರದೆ, ದಿಂಬಿನ ಚೀಲ ಹೊಲಿದು ಸಂಸಾರ ನಡೆಸಿದರು. ಹುಡುಗಿ ಶಾಲೆಯಿಂದ ಬಂದರೆ ಹೊಲಿಗೆ ಮೆಷಿನ್ ಪಕ್ಕದಲ್ಲೇ ಒಂದು ಸ್ಟೂಲು. ಮೆಷಿನ್ ಓಡುತ್ತಿರುತ್ತಿತ್ತು, ಇವಳು ಕೂಗಿಕೊಂಡು ಶಾಲೆಯ ಪುರಾಣವನ್ನೆಲ್ಲ ಒಪ್ಪಿಸುತ್ತಿದ್ದಳು. ಆ ದಿನಗಳಲ್ಲೇ ಚಿಕ್ಕಮ್ಮನಿಗೆ ಕೇಳಿಸುವುದು ಕಡಿಮೆಯಾಗುತ್ತ ಬಂತು. ಕಿವಿಯೊಳಗೆ ಅಕ್ಕಿಕಾಳಿನಷ್ಟು ಒಂದು ಮೂಳೆ ಇರುತ್ತದಂತೆ. ಸದ್ದು ಬಂದಾಗ ಅದು ಅಲುಗಾಡಬೇಕು. ಚಿಕ್ಕಮ್ಮನದು ಗಟ್ಟಿಯಾಗಿ ಕೂತುಬಿಟ್ಟಿತ್ತು. ಒಂದು ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರು, ಇದ್ದದ್ದೂ ಹೋಯಿತು. ಇನ್ನೊಂದನ್ನು ಮುಟ್ಟಲು ಆಕೆ ಯಾರಿಗೂ ಬಿಡಲಿಲ್ಲ.

ಹುಡುಗಿ ಕಿವಿಯ ವಿದ್ಯೆಯನ್ನೇ ಕಲಿತದ್ದು ಅದಕ್ಕಾಗಿ. ಕೆಲಸ ಸಿಕ್ಕ ಕೂಡಲೇ ಮೊದಲು ಮಾಡಿದ್ದು ಚಿಕ್ಕಮ್ಮನಿಗೊಂದು ಒಳ್ಳೆಯ ಯಂತ್ರ ತಂದುಕೊಟ್ಟದ್ದು. ಅದನ್ನು ಹಾಕಿಕೊಂಡರೆ ತಲೆಯೊಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದಾರೆ ಎಂದು ಹೇಳಿ ಆಕೆ ಅದನ್ನು ತೆಗೆದಿಟ್ಟರು. "ಊರಿಗೆಲ್ಲ ಯಂತ್ರ ಹಾಕ್ತೀನಿ ಅಕ್ಕಾ," ಎಂದು ಹುಡುಗಿ ನಗುತ್ತಲೇ ಹೇಳಿದಳು. "ನಮ್ಮ ಮನೇದು ಗುಂಡಿ ಡಬ್ಬೀಲಿದೆ."

ಅವಳಿಗಿದ್ದದ್ದು ಒಂದೇ ಆಸೆ. ಒಂದು ಕಾಯಂ ಕೆಲಸ, ಒಂದು ಒಳ್ಳೆಯ ಊರು, ಅಲ್ಲಿ ಚಿಕ್ಕಮ್ಮನ ಜೊತೆ ಬಾಳುವುದು. ಕಿವಿ ಮಂದವಾದವರಿಗೆ ಗದ್ದಲವೇ ಶತ್ರು. ಹಿಂದಿನ ಸದ್ದು ಎಷ್ಟು ಕಡಿಮೆಯೋ ಮಾತು ಅಷ್ಟು ಸ್ಪಷ್ಟ. ಆಸ್ಪತ್ರೆಗೆ ಬಂದವರಿಗೆಲ್ಲ ಅವಳು ದಿನಾ ಹೇಳುತ್ತಿದ್ದ ಮಾತಿದು. ಹಾಗಾಗಿ ರಜೆ ಸಿಕ್ಕಿದಾಗಲೆಲ್ಲ ಮೀಟರ್ ಚೀಲಕ್ಕೆ ಹಾಕಿಕೊಂಡು ರೈಲು ಹತ್ತುವಳು. ಬೀದಿಯಲ್ಲಿ ಅಳತೆ, ಉದ್ಯಾನದಲ್ಲಿ ಅಳತೆ, ಬಾಡಿಗೆ ಕೋಣೆಗಳಲ್ಲಿ ಕಿಟಕಿ ತೆರೆದು ಒಂದು, ಮುಚ್ಚಿ ಒಂದು. ತಿರುಗಿ ಬಂದು ಮೇಜಿನ ಬಳಿ ನಮಗೆಲ್ಲ ವರದಿ. ಒಂದು ಊರು ವಿಮಾನಗಳಿಂದಾಗಿ ಬಿದ್ದುಹೋಯಿತು. ಇನ್ನೊಂದರಲ್ಲಿ ಎಲ್ಲಿ ನೋಡಿದರೂ ಕಟ್ಟಡ ಕಟ್ಟುತ್ತಿದ್ದರು. ಅಲ್ಲಿಯ ಜನ ಹೇಗೆ ಎಂದು ರೇಡಿಯೋ ಪ್ರತಿ ಸಲ ಕೇಳುವಳು. ಜನರನ್ನು ನೋಡಲು ಹುಡುಗಿಗೆ ಪುರುಸೊತ್ತೆಲ್ಲಿತ್ತು?

ಅಳೆದೂ ಸುರಿದೂ ಕೊನೆಗೆ ಸಿಕ್ಕಿದ್ದು ಸರೋವರದ ಊರು. ಪತ್ರಿಕೆಯಲ್ಲಿ ಯಾವಾಗಲೂ ಮೊದಲ ಬೆಂಚಿನಲ್ಲಿ ಕೂರುವ ಊರದು. ಬೀದಿಯುದ್ದಕ್ಕೂ ಮರ, ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವ ಬಸ್ಸು, ಹೊಸ ಆಸ್ಪತ್ರೆ, ಕಾಯಂ ಕೆಲಸ. ಸರೋವರದ ದಂಡೆಯಲ್ಲಿ ಮೀಟರ್ ಎಷ್ಟು ಕೆಳಗೆ ಇಳಿಯಿತೆಂದರೆ, ಬ್ಯಾಟರಿ ಸತ್ತಿದೆ ಎಂದುಕೊಂಡು ಅವಳು ಹೊಸ ಬ್ಯಾಟರಿ ಕೊಂಡು ತಂದು ಹಾಕಿದಳಂತೆ.

ಇಲ್ಲಿಯ ಆಸ್ಪತ್ರೆಯವರು, ಇನ್ನು ಸ್ವಲ್ಪ ಕಾಲ ತಾಳಿಕೊಂಡರೆ ನಮ್ಮಲ್ಲೂ ಒಂದು ಕಾಯಂ ಜಾಗ ಬರಬಹುದು ಎಂದರು. ಬರಬಹುದು ಎನ್ನುವುದನ್ನು ನಂಬಿ ಕೂರುವವರು ಯಾರು? ಅವಳು ಹೊರಟಳು. ಒಳ್ಳೆಯದಾಗಲಿ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ. ಕೋಣೆಗೆ ಹೊಸ ಬಣ್ಣ ಹೊಡೆಸಿದೆ. ಬಾಡಿಗೆಗೆ ಕೇಳಿಕೊಂಡು ಬಂದವರಿಗೆಲ್ಲ ಬಣ್ಣ ಇನ್ನೂ ಒಣಗಿಲ್ಲ ಎಂದೆ. ಇದು ಎಂಥ ಬಣ್ಣ, ಬೇಸಿಗೆ ಕಳೆದರೂ ಒಣಗದ್ದು ಎಂದು ರೇಡಿಯೋ ಕೇಳಿದಾಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ತಿಂಗಳ ಮೇಲೆ ಹುಡುಗಿಯ ಫೋನು. ದೊಡ್ಡಾಸ್ಪತ್ರೆಗೆ ಹೊಸ ಉಪಕರಣ ಬಂದಿದೆ, ಅದನ್ನು ಬಳಸುವುದನ್ನು ಕಲಿಸಿಕೊಡಲು ಒಂದು ವಾರ ಕರೆದಿದ್ದಾರೆ, ಚಿಕ್ಕಮ್ಮನನ್ನು ಒಂಟಿಯಾಗಿ ಬಿಟ್ಟು ಬರಲಾಗದು, ಕೋಣೆ ಖಾಲಿ ಇದೆಯೇ? ಬಣ್ಣ ಆವತ್ತೇ ಒಣಗಿತು.

ಚಿಕ್ಕಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಮೆಷಿನ್‌ಗಳೆಲ್ಲ ನಿಂತ ಮೇಲೆ ಬಂದರು. ತೆಳ್ಳನೆಯ, ಅಚ್ಚುಕಟ್ಟಾದ ಹೆಂಗಸು. ಬೆರಳುಗಳಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳು. ನಾನು ಮಾತಾಡಿದಾಗ ಕಣ್ಣಲ್ಲಿ ಕಣ್ಣಿಡದೆ ನನ್ನ ಬಾಯಿಯನ್ನೇ ನೋಡಿದರು. ಪ್ರಯಾಣ ಕಷ್ಟವಾಯಿತೇ ಎಂದೆ, ನಗುತ್ತ ತಲೆಯಾಡಿಸಿದರು. ಟೀ ಕೊಡಲೇ, ಕಾಫಿ ಕೊಡಲೇ ಎಂದೆ, ಅದಕ್ಕೂ ನಗುತ್ತ ತಲೆಯಾಡಿಸಿದರು. ಆ ನಗು ನೋಡಿ ನನಗೆ ಸಂಕಟವಾಯಿತು. ಪರೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದ ಮಕ್ಕಳು ಹಾಗೆ ನಗುತ್ತಾರೆ.

ಆಕೆ ಮಲಗಿದ ಮೇಲೆ ಹುಡುಗಿ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. ಸರೋವರದ ಊರಿಗೆ ಹೋದ ಮೇಲೆ ಚಿಕ್ಕಮ್ಮ ದಿನದಿಂದ ದಿನಕ್ಕೆ ಒಳಗೇ ಸರಿದುಬಿಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬಳಿ ಕೂತು ನೀರು ನೋಡುತ್ತಾರೆ. ಕೇಳಿದ್ದೊಂದು, ಹೇಳುವ ಉತ್ತರ ಇನ್ನೊಂದು. ಮಾತು ಹೆಚ್ಚುಕಡಿಮೆ ನಿಂತೇಹೋಗಿದೆ. ಕಿವಿ ಇನ್ನೂ ಕೆಟ್ಟಿರಬೇಕೆಂದು ಇವಳು ತನ್ನ ಕೈಯಾರೆ ಪರೀಕ್ಷೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು.

"ಕಿವಿ ಮೊದಲು ಹೇಗಿತ್ತೋ ಹಾಗೇ ಇದೆ ಅಕ್ಕಾ," ಎಂದಳು. "ಹಾಗಾದ್ರೆ ಹೋಗ್ತಿರೋದು ಮನಸ್ಸು."

ಅಲ್ಲಿಯ ದೊಡ್ಡ ವೈದ್ಯರೊಬ್ಬರು ನೆನಪಿನ ಶಕ್ತಿಯ ಪರೀಕ್ಷೆಗೆ ದಿನ ಕೊಟ್ಟಿದ್ದರು. ವಾಪಸು ಹೋದ ಕೂಡಲೇ ಅದು. ಇಷ್ಟು ಬೇಗ ಹೀಗಾಗುತ್ತದೆಂದು ತಿಳಿದಿದ್ದರೆ ಓದಿದ್ದು ಸಾಕು ಎಂದು ಮೊದಲೇ ಬಂದು ಜೊತೆಗಿರುತ್ತಿದ್ದೆ ಎಂದಳು. ನಾನು ಅವಳ ಬೆನ್ನು ಸವರಿ ಮಲಗಲು ಕಳಿಸಿದೆ.

ಮರುದಿನ ಅವಳು ಆಸ್ಪತ್ರೆಗೆ ಹೋದಳು. ಲಾಂಡ್ರಿಯಲ್ಲಿ ಅಂದು ಕೈತುಂಬ ಕೆಲಸ, ಮೆಷಿನ್‌ಗಳೆಲ್ಲ ಓಡುತ್ತಿದ್ದವು. ಚಿಕ್ಕಮ್ಮ ಮೆಟ್ಟಿಲಿಳಿದು ಬಂದದ್ದನ್ನು ನಾನು ನೋಡಲಿಲ್ಲ. ಇಸ್ತ್ರಿಯ ಉರುಳೆಗೆ ಹಾಸು ಕೊಡುತ್ತಿದ್ದೆ, ಹಬೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ನೋಡಿದರೆ ಆಕೆ ಮಡಚುವ ಮೇಜಿನ ಬಳಿ ಕೂತಿದ್ದರು. ಹೋಟೆಲಿನ ಒಂದು ಪರದೆಯ ಅಂಚು ಬಿಚ್ಚಿಹೋಗಿದ್ದು ಕಣ್ಣಿಗೆ ಬಿದ್ದು, ಎಲ್ಲಿಂದಲೋ ಸೂಜಿ ದಾರ ತೆಗೆದು ಹೊಲಿಯತೊಡಗಿದ್ದರು. ಪಕ್ಕದಲ್ಲಿ ರೇಡಿಯೋ ತನ್ನ ಅಳಿಯ ನಾಯಿ ತಂದ ಕಥೆಯನ್ನು ಊದುತ್ತಿದ್ದಳು. ಆ ಕಥೆಯನ್ನು ನಾವೆಲ್ಲ ಸಾಕುಬೇಕಾಗುವಷ್ಟು ಕೇಳಿದ್ದೆವು. ಹೊಸ ಜನ ಸಿಕ್ಕಿದ್ದು ಅವಳಿಗೆ ಹಬ್ಬವಾಗಿತ್ತು.

ಸ್ವಲ್ಪ ಹೊತ್ತಿಗೆ ನಗು ಎದ್ದಿತು. ತಿರುಗಿ ನೋಡುತ್ತೇನೆ, ಎಲ್ಲರೂ ಕೈಯ ಕೆಲಸ ಬಿಟ್ಟು ಚಿಕ್ಕಮ್ಮನ ಕಡೆ ಬಗ್ಗಿದ್ದಾರೆ. ಅಷ್ಟು ಗದ್ದಲದಲ್ಲಿ ಆಕೆಯ ದನಿ ಗುಬ್ಬಿಯಷ್ಟು ಮೆಲ್ಲಗಿತ್ತು. ಬೈಯಲೆಂದು ಹತ್ತಿರ ಹೋದವಳು ನಾನೂ ಬಗ್ಗಿ ಕೇಳಿದೆ. ಶುರುವಿನಲ್ಲಿ ನಾಯಿ ಕಪ್ಪಗಿತ್ತಲ್ಲ, ಈಗ ಕಂದು ಹೇಗಾಯಿತು ಎಂದು ಆಕೆ ರೇಡಿಯೋಳನ್ನು ವಿಚಾರಿಸುತ್ತಿದ್ದರು. ರೇಡಿಯೋ ಕಣ್ಣು ಕಣ್ಣು ಬಿಟ್ಟಳು. ಇಷ್ಟು ದಿನ ಯಾರೂ ಅವಳ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ನನಗೆ ವಿಶೇಷವೇನೂ ಹೊಳೆಯಲಿಲ್ಲ. ನಿನ್ನೆ ದಣಿವಾಗಿತ್ತೇನೋ, ಇವತ್ತು ಚೇತರಿಸಿಕೊಂಡಿದ್ದಾರೆ ಎಂದುಕೊಂಡು ಉರುಳೆಗೆ ವಾಪಸಾದೆ.

ಮಧ್ಯಾಹ್ನ ಹುಡುಗಿ ಊಟದ ಹೊತ್ತಿಗೆ ಬಂದಳು. ಕೋಣೆಯಲ್ಲಿ ಚಿಕ್ಕಮ್ಮ ಇಲ್ಲ. ಬೀದಿಯ ಎರಡೂ ತುದಿ ನೋಡಿ, ಡಿಪೋದಲ್ಲಿ ವಿಚಾರಿಸಿ, ಏದುಸಿರು ಬಿಡುತ್ತ ಲಾಂಡ್ರಿಯ ಬಾಗಿಲಿಗೆ ಬಂದು ನಿಂತಳು. ನಿಂತವಳು ಅಲ್ಲೇ ಕಂಬವಾದಳು. ಒಳಗೆ ಚಿಕ್ಕಮ್ಮ ಮಾತಾಡುತ್ತಿದ್ದರು, ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿದ್ದರು, ಹೊಲಿಯುತ್ತಿದ್ದ ಕೈಯಿಂದ ಕಣ್ಣೆತ್ತದೆಯೇ ಉತ್ತರ ಕೊಡುತ್ತಿದ್ದರು. ಇವಳನ್ನು ಕಂಡು, ಊಟಕ್ಕೆ ಬಂದೆಯಾ, ಬಾ, ಇವರ ಅಳಿಯನ ನಾಯಿಯ ಕಥೆ ಕೇಳು ಎಂದು ಕರೆದರು.

ಹುಡುಗಿ ನನ್ನ ಹತ್ತಿರ ಬಂದಳು. "ಅಕ್ಕಾ, ಎಲ್ಲಾ ಮೆಷಿನ್ ಒಂದು ನಿಮಿಷ ನಿಲ್ಲಿಸ್ತೀರಾ?"

ಕೆಲಸದ ದಿನ ನಾನು ಮೆಷಿನ್ ನಿಲ್ಲಿಸುವವಳಲ್ಲ. ಆದರೆ ಅವಳ ಮುಖ ನೋಡಿ ಯಾಕೆ ಎಂದು ಕೇಳಲಾಗಲಿಲ್ಲ, ಹೋಗಿ ಒಂದೊಂದನ್ನೇ ಆರಿಸಿದೆ. ಹಿಂಡುವ ಮೆಷಿನ್ ಸುತ್ತಿ ಸುತ್ತಿ ಕೊನೆಗೆ ನಿಂತಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ರೇಡಿಯೋ ಕಥೆ ನಿಲ್ಲಿಸಲಿಲ್ಲ, ಆದರೆ ಅವಳ ದನಿ ತನ್ನಷ್ಟಕ್ಕೆ ಇಳಿದು ಎಲ್ಲರ ದನಿಯಂತಾಯಿತು. ನಮಗೆ ಅದು ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಚಿಕ್ಕಮ್ಮ ಸೂಜಿ ನಿಲ್ಲಿಸಿ ರೇಡಿಯೋಳ ಬಾಯಿ ನೋಡಿದರು. ಆಮೇಲೆ ನಮ್ಮೆಲ್ಲರ ಬಾಯಿಗಳನ್ನೂ ಒಂದೊಂದಾಗಿ ನೋಡಿದರು. ನಿನ್ನೆ ಸಂಜೆಯ ಅದೇ ನಗು ಮುಖಕ್ಕೆ ಬಂತು, ತಲೆ ಆಡತೊಡಗಿತು. ಕೊನೆಗೆ ಹುಡುಗಿಯ ಕಡೆ ತಿರುಗಿದರು.

"ಯಾಕೆ ಎಲ್ರೂ ಸುಮ್ಮನಾದ್ರು? ನಾನೇನಾದ್ರೂ ತಪ್ಪು ಮಾತಾಡಿದ್ನಾ?"

"ಹಾಕಿ ಅಕ್ಕಾ," ಎಂದಳು ಹುಡುಗಿ. ಅವಳ ದನಿ ಒಡೆದಿತ್ತು. "ಮೆಷಿನ್ ಹಾಕಿ."

ಮೆಷಿನ್‌ಗಳು ಓಡಿದವು, ಗಂಟಲುಗಳು ಎದ್ದವು, ಚಿಕ್ಕಮ್ಮ ವಾಪಸು ಬಂದರು. ಹೌದು, ವಾಪಸು ಬಂದರು ಎಂದೇ ಹೇಳಬೇಕು. ಬೇರೆ ಮಾತು ನನಗೆ ಗೊತ್ತಿಲ್ಲ.

ಹುಡುಗಿ ಕೊಳೆ ಹಾಸುಗಳ ಬುಟ್ಟಿಯ ಮೇಲೆ ಕುಸಿದು ಕೂತಳು. ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸುತ್ತಿದ್ದೆ. ಅಳುತ್ತ ನಗುತ್ತ ಬಿಡಿಬಿಡಿಯಾಗಿ ಹೇಳಿದಳು. ಆ ಮೂಳೆಯ ತೊಂದರೆ ಇರುವ ಕೆಲವರ ಕಿವಿ ಹಾಗೇ ಅಂತೆ. ಸುತ್ತಲಿನ ಗಡಗಡ ಅವರೊಳಗೆ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಆ ಗಡಗಡದ ಮೇಲೆ ನಾವು ದನಿಯೇರಿಸಿ ಆಡುವ ಮಾತು ಇಳಿಯುತ್ತದೆ. ಹಾಗಾಗಿ ನಮಗೆ ಏನೂ ಕೇಳದ ಕಡೆ ಅವರಿಗೆ ಚೆನ್ನಾಗಿ ಕೇಳುತ್ತದೆ, ಎಲ್ಲರೂ ಮೆತ್ತಗೆ ಮಾತಾಡುವ ಕಡೆ ಏನೂ ಕೇಳುವುದಿಲ್ಲ. ಅವರ ಸ್ವಂತ ದನಿ ಮಾತ್ರ ಅವರ ತಲೆಯೊಳಗೆ ಜೋರಾಗಿರುವುದರಿಂದ ಅಷ್ಟು ಮೆಲ್ಲಗೆ ಮಾತಾಡುತ್ತಾರಂತೆ.

"ಇದನ್ನ ಓದಿದ್ದೆ ಅಕ್ಕಾ. ಪರೀಕ್ಷೇಲಿ ಬರೆದು ಪೂರ್ತಿ ಅಂಕ ತಗೊಂಡಿದ್ದೆ. ನಮ್ಮನೇಲೇ ಇದೆ ಅಂತ ಹೊಳೀಲೇ ಇಲ್ಲ."

ಹೊಳೆಯುವುದಾದರೂ ಹೇಗೆ? ಅವಳು ಪರೀಕ್ಷೆ ಮಾಡುವುದೇ ಹೊರಗಿನ ಒಂದು ಸದ್ದೂ ನುಸುಳದ ಕೋಣೆಯಲ್ಲಿ. ಹೊಲಿಗೆ ಮೆಷಿನ್, ಬಸ್ ನಿಲ್ದಾಣ ಎರಡೂ ಇದ್ದ ಮನೆಯಲ್ಲಿ ಬೆಳೆದದ್ದರಿಂದ ಅಲ್ಲಿ ಮಾತು ಸಲೀಸಾಗಿದ್ದದ್ದು ಯಾಕೆಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಸರೋವರದ ಊರಿಗೆ ಹೋಗುವಾಗ, ಇನ್ನು ದುಡಿದದ್ದು ಸಾಕು ಎಂದು ಪ್ರೀತಿಯಿಂದ ಆ ಹೊಲಿಗೆ ಮೆಷಿನ್ನನ್ನೂ ಮಡಚಿ ಅಟ್ಟಕ್ಕೆ ಹಾಕಿದ್ದಳು. ಸಾಧಾರಣ ಜನ ಊರು ಆರಿಸುವಾಗ ಸಾವಿರ ತಪ್ಪು ಮಾಡುತ್ತಾರೆ. ಹುಡುಕಿ, ಅಳೆದು, ಬ್ಯಾಟರಿ ಬದಲಾಯಿಸಿ, ತನ್ನ ಪ್ರೀತಿಯವಳಿಗೆ ಒಂದು ಅಕ್ಷರವೂ ಕೇಳಿಸದ ಊರನ್ನೇ ಆರಿಸಬೇಕಾದರೆ ಕಿವಿಯ ವಿದ್ಯೆಯನ್ನೇ ಓದಿರಬೇಕು. ಇದನ್ನು ನಾನು ಅವಳಿಗೆ ಹೇಳಿದೆ. ಅವಳು ಇನ್ನಷ್ಟು ನಕ್ಕಳು, ಇನ್ನಷ್ಟು ಅತ್ತಳು.

ಆಮೇಲೆ ಎದ್ದು ಹೋಗಿ ಚಿಕ್ಕಮ್ಮನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಅಲ್ಲಿದ್ದಾಗ ಕೇಳಿಸುತ್ತಿಲ್ಲ ಎಂದು ಒಮ್ಮೆಯೂ ಯಾಕೆ ಹೇಳಲಿಲ್ಲ ಎಂದು ಗದ್ದಲದ ಮೇಲೆ ದನಿಯೇರಿಸಿ ಕೇಳಿದಳು.

ಚಿಕ್ಕಮ್ಮ ದಾರ ಕಚ್ಚಿ ಕತ್ತರಿಸಿದರು. "ನೀನು ಮಾತಾಡೋದು ಬಿಟ್ಟಿದ್ದೀಯ ಅಂದ್ಕೊಂಡೆ. ಯಾವಾಗಾದ್ರೂ ಜೋರಾಗಿ ಏನಾದ್ರೂ ಅಂದ್ರೆ ಮುಖ ಸಿಟ್ಟಾಗಿರ್ತಿತ್ತು. ನಾನು ನಿನಗೆ ಭಾರ ಆದೆ ಅಂತ ಸುಮ್ಮನಾದೆ."

ಹುಡುಗಿ ಚಿಕ್ಕಮ್ಮನ ಕೈ ಹಿಡಿದು ನಡೆದದ್ದು ಹೇಳಿದಳು. ಸರೋವರದ ಊರಿನ ಮನೆಗಳ ಗೋಡೆ ತೆಳು. ದನಿ ಸ್ವಲ್ಪ ತಗ್ಗಿಸಿದರೆ ಉಪಕಾರವಾಗುತ್ತದೆ ಎಂದು ಪಕ್ಕದ ಮನೆಯವರು ಬಹಳ ಮರ್ಯಾದೆಯಿಂದ ಕೇಳಿಕೊಂಡಿದ್ದರಂತೆ. ಇವಳು ತಗ್ಗಿಸಿದ್ದಳು. ಒಂದೇ ಮನೆಯಲ್ಲಿ ಒಬ್ಬಳು ನನ್ನವಳ ಬುದ್ಧಿ ಹೋಗುತ್ತಿದೆ ಎಂದು ಕೊರಗುತ್ತಿದ್ದಳು, ಇನ್ನೊಬ್ಬಳು ನನ್ನವಳಿಗೆ ನಾನು ಬೇಡವಾದೆ ಎಂದು ಕೊರಗುತ್ತಿದ್ದಳು. ನನ್ನ ಕಣ್ಣಲ್ಲೂ ನೀರು ಬಂತು. ಇಸ್ತ್ರಿಯ ಹಬೆ ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಎಷ್ಟೋ ಊರು ಅಳೆದ ಹುಡುಗಿ ಅವತ್ತು ಮೊದಲ ಸಲ ಚಿಕ್ಕಮ್ಮನನ್ನೇ ಕೇಳಿದಳು. "ನೀನೇ ಹೇಳು, ಎಲ್ಲಿರೋಣ?"

ನಿನ್ನ ಕೆಲಸ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಎಂದರು ಚಿಕ್ಕಮ್ಮ. ಮತ್ತೆ ಮೇಜಿನ ಮೇಲೆ ಗುಡ್ಡೆಬಿದ್ದಿದ್ದ ಹರಿದ ಹಾಸುಗಳ ಕಡೆ ನೋಡಿದರು. "ಆದ್ರೆ ಇಲ್ಲಿ ಹರಿದದ್ದು ತುಂಬಾ ಇದೆ. ಒಂದೆರಡು ವರ್ಷನಾದ್ರೂ ಬೇಕು."

ಹೇಳುವಷ್ಟು ಸುಲಭವಾಗಿರಲಿಲ್ಲ. ಅಲ್ಲಿ ಕೈಯಲ್ಲಿದ್ದದ್ದು ಕಾಯಂ ಕೆಲಸ. ಇಲ್ಲಿ ಮತ್ತೆ ಅದೇ ತಾತ್ಕಾಲಿಕ. ಆಸ್ಪತ್ರೆಯವರು ಹೇಳಿದ್ದ ಕಾಯಂ ಜಾಗ ಇನ್ನೂ ಬಂದಿರಲಿಲ್ಲ, ಬಂದರೂ ಒಂದೇ ಒಂದು ಜಾಗ, ಅದಕ್ಕೆ ಕೈಚಾಚಿ ನಿಂತವರು ಹಲವರು. ಅದು ತಪ್ಪಿಹೋದರೆ ಇಬ್ಬರೂ ಮತ್ತೆ ಗಂಟುಮೂಟೆ ಕಟ್ಟಬೇಕು. ಸರಿಯಾಗಿ ಯೋಚನೆ ಮಾಡು ಎಂದು ನಾನೇ ಹೇಳಿದೆ, ಒಳಗೆ ಮಾತ್ರ ಯೋಚನೆ ಮಾಡಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ವಾರ ಮುಗಿದ ಮೇಲೆ ಹೋಗಿ, ನೆನಪಿನ ಪರೀಕ್ಷೆ ಬೇಡವೆಂದು ಹೇಳಿ, ಅಲ್ಲಿಯ ಕೆಲಸ ಬಿಟ್ಟು, ಅಟ್ಟದ ಹೊಲಿಗೆ ಮೆಷಿನ್ ಕೆಳಗಿಳಿಸಿಕೊಂಡು ವಾಪಸು ಬಂದಳು. ಅಷ್ಟು ಚೆಂದದ ಊರು ಬಿಟ್ಟು ಎಂಥ ಊರಿಗೆ ಹೋಗುತ್ತೀಯ ಎಂದು ಅವಳ ಮೇಲಿನ ಅಧಿಕಾರಿ ಮೂಗು ಮುರಿದರಂತೆ. ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಬಂದವಳು ಸುಮ್ಮನೆ ಕೂತಳೇ? ಈ ಸದ್ದು ಚಿಕ್ಕಮ್ಮನಿಗೆ ಒಳ್ಳೆಯದಾದರೂ ನಿಮ್ಮೆಲ್ಲರ ಕಿವಿಗೆ ವಿಷ ಎಂದು ಹಿಂಡುವ ಮೆಷಿನ್ ಬಳಿ ನಿಲ್ಲುವವರಿಗೆಲ್ಲ ಕಿವಿಗೆ ತುರುಕಿಕೊಳ್ಳುವ ಮೆತ್ತನೆಯ ಬೆಣೆ ತಂದುಕೊಟ್ಟಳು. ಮೊದಲ ದಿನ ಎಲ್ಲರೂ ಹಾಕಿಕೊಂಡು ಮಡಚುವ ಮೇಜಿಗೂ ಹಾಗೇ ಬಂದರು. ಕಿವಿ ಮುಚ್ಚಿಕೊಂಡರೆ ದನಿ ತಾನಾಗಿ ತಗ್ಗುತ್ತದೆ ಎನ್ನುವುದು ನಮಗೆ ಗೊತ್ತಿರಲಿಲ್ಲ. ಇವತ್ತು ಯಾರ ಮನೆಯಲ್ಲಿ ಏನಾಯಿತು, ಯಾರೂ ಮಾತಾಡುತ್ತಿಲ್ಲವಲ್ಲ ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು. ಅಲ್ಲಿಂದ ಕಾನೂನು ಏನೆಂದರೆ, ಹಿಂಡುವ ಮೆಷಿನ್ ಬಳಿ ಬೆಣೆ, ಮೇಜಿನ ಬಳಿ ಬರೀ ಕಿವಿ. ಡಿಪೋದ ಮೆಕ್ಯಾನಿಕ್‌ಗಳೂ ಒಬ್ಬೊಬ್ಬರಾಗಿ ಬಂದು ಅವಳ ಹತ್ತಿರ ಕಿವಿ ತೋರಿಸಿಕೊಂಡು ಹೋಗತೊಡಗಿದರು. ಅವರೂ ಡಾಕ್ಟ್ರೇ ಎನ್ನುತ್ತಾರೆ. ತಿದ್ದಿ ತಿದ್ದಿ ಅವಳಿಗೆ ಸಾಕಾಗಿದೆ.

ಈ ಸದ್ದನ್ನು ನನ್ನ ಅಪ್ಪ ಬೈಯುತ್ತಿದ್ದರು. ನಾನೂ ಬೈಯುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡೆ. ಈಗ ಬೆಳಗ್ಗೆ ಮೊದಲ ಮೆಷಿನ್ನಿನ ಗುಂಡಿ ಒತ್ತಿದಾಗ, ಮೇಲೆ ಹೊಲಿಗೆ ಮೆಷಿನ್ ಪಕ್ಕದಲ್ಲಿ ಹುಡುಗಿ ಏನೋ ಕೂಗಿ ಹೇಳುವುದು, ಚಿಕ್ಕಮ್ಮ ನಗುವುದು ಕೇಳಿಸುತ್ತದೆ. ನನ್ನ ಕೈಯಿಂದ ಒಂದು ಒಳ್ಳೆಯದಾಗಿದ್ದರೆ ಅದು ಈ ಹಾಳು ಗಡಗಡದಿಂದ ಆಗಿದೆ. ಯಾರಿಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ ಮೆಷಿನ್ನಿನ ಮುಚ್ಚಳವನ್ನೇ ಒಮ್ಮೆ ಒರೆಸುತ್ತೇನೆ.

ಆಸ್ಪತ್ರೆಯ ಕಾಯಂ ಜಾಗಕ್ಕೆ ಕೊನೆಗೂ ಸಂದರ್ಶನ ನಡೆಯಿತು. ಹುಡುಗಿ ಹೋಗಿ ಬಂದಳು. ಆಮೇಲೆ ದಿನಗಳು ಕಳೆದವು, ಸುದ್ದಿಯಿಲ್ಲ. ಅವಳ ಮುಖ ಸಣ್ಣಗಾಯಿತು. ಚಿಕ್ಕಮ್ಮ ಹರಿದ ಹಾಸುಗಳನ್ನು ಬೇಕೆಂದೇ ನಿಧಾನವಾಗಿ ಹೊಲಿಯುತ್ತಿದ್ದಾರೆ ಎಂದು ರೇಡಿಯೋ ನನಗೆ ತೋರಿಸಿದಳು. ನಾನೂ ನೋಡಿದ್ದೆ.

ಅವತ್ತು ವಾರದ ರಜೆ. ಮೆಷಿನ್‌ಗಳೆಲ್ಲ ಆರಿದ್ದವು, ಡಿಪೋದಲ್ಲೂ ಬಸ್ಸು ಕಡಿಮೆ. ನಾನು ಬಾಗಿಲ ಬಳಿ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದೆ. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಹುಡುಗಿ ಬರಿಗಾಲಲ್ಲಿ ಓಡಿ ಬಂದಳು, ಕೈಯಲ್ಲಿ ಫೋನು, ಮುಖವೆಲ್ಲ ಕೆಂಪು, ತುಟಿಯಲ್ಲಿ ತಡೆಯಲಾಗದ ನಗು. ಏನಾಯಿತು ಎಂದು ಕೇಳಿದೆ. ನನಗೆ ಹೇಳಲಿಲ್ಲ.

"ಅಕ್ಕಾ, ಒಂದು ಮೆಷಿನ್ ಹಾಕ್ತೀರಾ? ಚಿಕ್ಕಮ್ಮನಿಗೆ ಒಂದು ವಿಷಯ ಹೇಳ್ಬೇಕು."

ಮೇಲೆ ಹೊಲಿಗೆ ಮೆಷಿನ್ ಇದೆಯಲ್ಲ ಎಂದೆ. ಇದಕ್ಕೆ ಅದು ಸಾಲುವುದಿಲ್ಲ ಎಂದಳು.

ಎದ್ದು ಹೋಗಿ ದೊಡ್ಡ ಮೆಷಿನ್ನನ್ನು ಖಾಲಿಯೇ ಓಡಿಸಿದೆ. ಯಾವುದಕ್ಕೂ ಇರಲಿ ಎಂದು ಹಿಂಡುವ ಮೆಷಿನ್ನನ್ನೂ ಹಾಕಿದೆ. ಅವಳು ಚಿಕ್ಕಮ್ಮನನ್ನು ಕೈಹಿಡಿದು ಕೆಳಗೆ ಕರೆತಂದು, ಮಡಚುವ ಮೇಜಿನ ಬಳಿ ಕೂರಿಸಿ, ಎದುರಿಗೆ ನಿಂತು ಹೇಳಿದಳು. ನಾನು ದೂರ ನಿಂತಿದ್ದೆ. ಚಿಕ್ಕಮ್ಮ ಅವಳ ಕೆನ್ನೆಗೆ ಕೈಯಿಟ್ಟದ್ದು ಕಾಣಿಸಿತು. ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಿದರು. ಮೆಷಿನ್‌ಗಳು ಖಾಲಿ ಓಡುತ್ತಲೇ ಇದ್ದವು, ನಾನು ಆರಿಸಲಿಲ್ಲ.

ಕೊನೆಗೆ ಚಿಕ್ಕಮ್ಮ ಎದ್ದು ನನ್ನ ಬಳಿ ಬಂದು ಏನೋ ಹೇಳಿದರು. ನನಗೆ ಕೇಳಲಿಲ್ಲ. ಏನಂದಿರಿ ಎಂದೆ. ಮತ್ತೆ ಹೇಳಿದರು, ಆಗಲೂ ಕೇಳಲಿಲ್ಲ. ಬಗ್ಗಿ ಅವರ ಬಾಯಿಗೆ ಕಿವಿಯಿಟ್ಟೆ. ರಜೆಯ ದಿನವೂ ನಮಗಾಗಿ ತೊಂದರೆ ತೆಗೆದುಕೊಂಡಿರಿ ಎನ್ನುತ್ತಿದ್ದರು.

"ತೊಂದರೆ ಏನು ಬಂತು, ನೀವು ಇಲ್ಲೇ ಇದ್ರೆ ಸಾಕು," ಎಂದೆ.

ನಾನು ಹೇಳಿದ್ದು ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.